ತಿರುವಿಗೆ ಮಾರ್ಕ್ಸ್ ಇಲ್ಲ

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೆಚ್ಚೇನೂ ಬೇಕಿಲ್ಲ. ಸ್ವಲ್ಪ ದುಡ್ಡು ಇರಬೇಕು, ಯಾರಾದರೂ ಹೇಳಿದ್ದನ್ನು ಕೇಳುವ ಬುದ್ಧಿ ಇರಬಾರದು. ಕಷ್ಟ ಶುರುವಾಗುವುದು ಟೈರ್ ಬದಲಿಸುವ ಹೊತ್ತಿಗೆ. ಇಂಜಿನ್‌ಗೆ ಇಷ್ಟು, ಬಣ್ಣಕ್ಕೆ ಇಷ್ಟು, ಸ್ಟೀರಿಂಗಿನ ಚರ್ಮದ ಹೊದಿಕೆಗೆ ಇಷ್ಟು ಅಂತ ಧಾರಾಳವಾಗಿ ಸುರಿದ ಕೈ, ಟೈರ್ ಮಾತು ಬಂದ ಕೂಡಲೇ ಜೇಬಿನೊಳಗೆ ಹೋಗಿ ಅಲ್ಲೇ ಉಳಿಯುತ್ತದೆ. ಇಡೀ ಕಾರು ನೆಲಕ್ಕೆ ತಾಗುವುದು ಅಂಗೈ ಅಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ಉಳಿತಾಯ ಮಾಡಬೇಕು ಅಂತ ನಮಗೆ ನೆನಪಾಗುವುದೂ ಸರಿಯಾಗಿ ಅಲ್ಲೇ.

ಇರಲಿ, ದುಡ್ಡು ಯಾರಿಗೂ ಸುಮ್ನೆ ಬರುವುದಿಲ್ಲ. ಕೈಗೆಟುಕುವ ಬೆಲೆಗೆ ಒಳ್ಳೆ ಟೈರ್ ಬೇಕು ಅನ್ನುವುದು ತಪ್ಪೇನಲ್ಲ. ಆದರೆ ಆ ಆಸೆ ಇಟ್ಟುಕೊಂಡು ಹೊರಟವರು ಮೊದಲು ಗಣಿತ, ಆಮೇಲೆ ಅಕ್ಷರಮಾಲೆ, ಕೊನೆಗೆ ಸ್ವಲ್ಪ ಪುರಾತತ್ವ ಕಲಿಯಬೇಕಾಗುತ್ತದೆ.

ಗಣಿತ ಟೈರಿನ ಪಕ್ಕೆಯ ಮೇಲೇ ಬರೆದಿರುತ್ತದೆ. ಉದಾಹರಣೆಗೆ 205/50 ಆರ್ 15. ಇಲ್ಲಿ 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 50 ಅಂದರೆ ಪಕ್ಕೆಯ ಎತ್ತರ, ಅಗಲದ ಎಷ್ಟು ಪರ್ಸೆಂಟ್ ಅನ್ನುವ ಲೆಕ್ಕದಲ್ಲಿ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಪರ್ಸೆಂಟ್, ಇಂಚು! ಮೂವರು ಹಠಮಾರಿಗಳನ್ನು ಒಂದು ಕಮಿಟಿಯಲ್ಲಿ ಕೂರಿಸಿ, ಯಾರಿಗೂ ಬೇಜಾರಾಗದ ಹಾಗೆ ತೀರ್ಮಾನ ಮಾಡಿ ಅಂದರೆ ಹೀಗೇ ಆಗುವುದು.

ಇದನ್ನು ಸರಿ ಮಾಡಲು ಯಾರೂ ಹೋಗಲಿಲ್ಲ ಅಂದುಕೊಳ್ಳಬೇಡಿ. 1975ರಲ್ಲಿ ಮಿಶೆಲಿನ್ ಕಂಪನಿ ಟಿಆರ್‌ಎಕ್ಸ್ ಅನ್ನುವ ಟೈರ್ ತಂದಿತು. ಅದರ ರಿಮ್ಮಿಗೂ ಮಿಲಿಮೀಟರಿನದೇ ಅಳತೆ, 390. ಇಂಚಿಗೆ ಕಡೆಗೂ ರಜೆ. ಫೆರಾರಿ, ಬಿಎಂಡಬ್ಲ್ಯು, ಫೋರ್ಡ್ ಮಸ್ಟಾಂಗ್ ಎಲ್ಲದರಲ್ಲೂ ಅದು ಬಂತು. 390 ಮಿಲಿಮೀಟರ್ ಅಂದರೆ ಹದಿನೈದೂಕಾಲು ಇಂಚಿಗಿಂತ ಒಂದು ಚೂರು ಜಾಸ್ತಿ. ಅಂದರೆ 15ರ ಟೈರ್ ಕೂರಲ್ಲ, 16ರದ್ದು ನಿಲ್ಲಲ್ಲ. ರಿಮ್ಮಿನ ಅಂಚಿನ ಆಕಾರವೂ ಬೇರೆ. ಲೋಕ ಮತ್ತೆ ಇಂಚಿಗೇ ಮರಳಿತು. ಆ ಕಾರುಗಳನ್ನು ಇಟ್ಟುಕೊಂಡವರು ಇವತ್ತಿಗೂ ಅದೇ ಟೈರನ್ನು ದುಬಾರಿ ಬೆಲೆಗೆ ತರಿಸಬೇಕು, ಇಲ್ಲವೇ ನಾಲ್ಕೂ ರಿಮ್ ಬದಲಿಸಬೇಕು. ಟೈರ್ ಜಗತ್ತಿನಲ್ಲಿ ತರ್ಕಕ್ಕೆ ಸಿಗುವ ಬಹುಮಾನ ಇದು.

ಇಂಚಿನ ಕಾರಿನವರು ಪಾರಾದರು ಅಂತಲೂ ಇಲ್ಲ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಅನ್ನುವ ಸ್ಪೋರ್ಟ್ಸ್ ಕಾರು ಓಡಿದ್ದು 14 ಇಂಚಿನ ರಿಮ್ ಮೇಲೆ. ಡಿಲೋರಿಯನ್ ಕಾರಿಗೆ ಮುಂದೆ 14, ಹಿಂದೆ 15. ಎಂಬತ್ತರ ದಶಕದ ಲಂಬೋರ್ಗಿನಿ ಕೌಂಟಾಶ್‌ನ ಹಿಂದಿನ ಟೈರ್ 345 ಮಿಲಿಮೀಟರ್ ಅಗಲ, ಆದರೂ ರಿಮ್ 15 ಇಂಚೇ. ಆ ಕಾಲದಲ್ಲಿ ವೇಗದ ಕಾರಿಗೆ ಅಷ್ಟು ಸಾಕಿತ್ತು. ಈಗ ಮಕ್ಕಳನ್ನು ಶಾಲೆಗೆ ಬಿಡುವ ಎರಡು ಟನ್ನಿನ ಎಸ್‌ಯುವಿಗೆ 20, 21 ಇಂಚಿನ ರಿಮ್ ಬೇಕು. ಅದಕ್ಕೆ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಟೈರು. ಗಂಟೆಗೆ 300 ಕಿಲೋಮೀಟರ್ ತಡೆಯುವ ರಬ್ಬರು, ಶಾಲೆ ಗೇಟಿನ ಮುಂದಿನ ಹಂಪ್ ದಾಟುವುದಕ್ಕೆ. ಅತ್ತ 14 ಇಂಚಿನ ಸ್ಪೋರ್ಟ್ಸ್ ಕಾರಿಗೆ ಹುಡುಕಿದರೆ ಬಹುತೇಕ ಸಿಗುವುದು ಮೈಲೇಜ್ ಕೊಡುವ ಸಣ್ಣ ಕಾರುಗಳ ಟೈರು. ಸದ್ದು ಕಡಿಮೆ, ಪೆಟ್ರೋಲ್ ಉಳಿತಾಯ, ಮೆತ್ತನೆಯ ಪ್ರಯಾಣ ಅಂತ ಅದರ ಜಾಹೀರಾತು. ಟೈರ್ ಬೇಕಾದಷ್ಟು ಸಿಗುತ್ತಿದ್ದಾಗ ಆ ಕಾರು ಕೊಳ್ಳಲು ನಮ್ಮ ಹತ್ತಿರ ಕಾಸಿರಲಿಲ್ಲ. ಈಗ ಕಾರು ಕೈಗೆ ಬಂದಿದೆ, ಟೈರ್ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂದವರು ಎಂಎಕ್ಸ್-5 ನೋಡಿರಲಿಲ್ಲ, ಅಷ್ಟೇ.

ಇಂಥ ಹೊತ್ತಿನಲ್ಲಿ ಒಬ್ಬ ಹಿತೈಷಿ ಬಂದೇ ಬರುತ್ತಾನೆ. "ಹದಿನೇಳು ಇಂಚಿಗೆ ಹೋಗಿಬಿಡು, ಅದರಲ್ಲಿ ಟೈರ್ ಸಸ್ತಾ" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. 205/55 ಆರ್ 16 ತೆಗೆದು 225/45 ಆರ್ 17 ಹಾಕಿದರೆ ಟೈರಿನ ಒಟ್ಟು ವ್ಯಾಸ 632 ಮಿಲಿಮೀಟರಿನಿಂದ 634ಕ್ಕೆ ಹೋಗುತ್ತದೆ. ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಜೇಬಿಗೆ. ಸಸ್ತಾ ಟೈರಿಗಾಗಿ ನಾಲ್ಕು ಹೊಸ ಅಲಾಯ್ ವೀಲ್. ಅದು ಫೆಂಡರಿಗೆ ಉಜ್ಜುತ್ತದೆ ಅಂತ ಅಂಚು ಮಡಚಿಸಬೇಕು. ಪಕ್ಕೆ ತೆಳ್ಳಗಾಗಿ ಗುಂಡಿಗಳೆಲ್ಲ ಬೆನ್ನಿಗೆ ತಾಗುತ್ತವೆ ಅಂತ ಸಸ್ಪೆನ್ಷನ್ ಬದಲಿಸಬೇಕು. ಕೊನೆಗೆ ಲೆಕ್ಕ ಹಾಕಿದರೆ ಟೈರ್ ಮಾತ್ರ ನಿಜವಾಗಿಯೂ ಸಸ್ತಾ.

ಅಕ್ಷರಮಾಲೆಗೆ ಬರೋಣ. ಸೈಜಿನ ಪಕ್ಕದ ಕೊನೆಯ ಅಕ್ಷರ ಟೈರ್ ತಡೆಯುವ ವೇಗ ಹೇಳುತ್ತದೆ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್, ಟಿ 190, ಯು 200. ಇನ್ನೇನು ಕ್ರಮ ಅರ್ಥವಾಯಿತು ಅನ್ನುವಷ್ಟರಲ್ಲಿ ಎಚ್ ಬರುತ್ತದೆ, 210. ಯು ಆದ ಮೇಲೆ ಎಚ್, ಅದಾದ ಮೇಲೆ ವಿ, 240. ಒಂದನೇ ಕ್ಲಾಸಿನ ಮಗು ಹೀಗೆ ಬರೆದರೆ ಟೀಚರ್ ಅಪ್ಪ ಅಮ್ಮನನ್ನು ಕರೆಸುತ್ತಾರೆ. ನಿಮ್ಮ ಕಾರಿಗೆ ಕಂಪನಿ ಹೇಳಿದ್ದು ವಿ. ಮೂವತ್ತೈದು ವರ್ಷದ ಕಾರು 240ರಲ್ಲಿ ಹೋಗುವುದು ಬಂಡೆಯಿಂದ ಕೆಳಗೆ ಬಿದ್ದಾಗ ಮಾತ್ರ. ಆದರೂ ಎಚ್ ಟೈರ್ ಕೇಳಿದರೆ ಅಂಗಡಿಯವರು ನಿಮ್ಮ ಜೀವವಿಮೆಯ ಬಗ್ಗೆ ವಿಚಾರಿಸುತ್ತಾರೆ.

ಈಗ ನಿಜವಾದ ತಮಾಷೆ. ಇಷ್ಟೆಲ್ಲ ದಾಟಿ ನಾಲ್ಕೈದು ಟೈರ್ ಸಿಕ್ಕವು ಅಂತಿಟ್ಟುಕೊಳ್ಳಿ. ಯಾವುದು ಒಳ್ಳೆಯದು? ಹೆದರಬೇಡಿ, ಮಾರ್ಕ್ಸ್ ಕಾರ್ಡ್ ಇದೆ. ಯುರೋಪಿನಲ್ಲಿ 2012ರಿಂದ ಟೈರಿಗೆ ಬಣ್ಣಬಣ್ಣದ ಲೇಬಲ್ ಇದೆ. ಈಗಿನದು 2021ರಿಂದ ಬಂದದ್ದು, ಎ ಇಂದ ಇ ತನಕ. ಒಂದು ಗ್ರೇಡ್ ಇಂಧನ ಉಳಿತಾಯಕ್ಕೆ. ಇನ್ನೊಂದು ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲುವುದಕ್ಕೆ. ಮೂರನೆಯದು ಸದ್ದು. ಅದೂ ಒಳಗೆ ಕೂತವರಿಗೆ ಕೇಳುವ ಸದ್ದಲ್ಲ, ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು. ಇಂಜಿನ್ ಆಫ್ ಮಾಡಿ, ಕಾರನ್ನು ಹಾಗೇ ಉರುಳಲು ಬಿಟ್ಟು ಅಳೆಯುತ್ತಾರೆ. ಸೈಲೆನ್ಸರ್ ಬಿಚ್ಚಿಸಿ, ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸುವ ಕಾರಿನವನು ಕೂತು ಇದು 69 ಡೆಸಿಬೆಲ್, ಅದು 71 ಅಂತ ಹೋಲಿಸುತ್ತಾನೆ.

ಅಮೆರಿಕದ ಮಾರ್ಕ್ಸ್ ಕಾರ್ಡ್ ಬೇರೆ. ಅಲ್ಲಿ ಟ್ರೆಡ್‌ವೇರ್ ಅಂತ ಸವಕಳಿಗೆ ಒಂದು ನಂಬರ್, ಟ್ರ್ಯಾಕ್ಷನ್ ಅಂತ ಹಿಡಿತಕ್ಕೆ ಒಂದು ಗ್ರೇಡ್, ಬಿಸಿ ತಡೆಯುವುದಕ್ಕೆ ಒಂದು ಗ್ರೇಡ್. ಟ್ರ್ಯಾಕ್ಷನ್ ಅಂದಾಗ ನಿಮ್ಮ ಕಣ್ಣು ಅರಳುತ್ತದೆ, ಅಲ್ವಾ? ಅದರ ಪರೀಕ್ಷೆಯೂ ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕುವುದೇ. ತಿರುವಿನ ಹಿಡಿತ ಇದರಲ್ಲಿ ಸೇರಿಲ್ಲ ಅಂತ ಅವರೇ ಬರೆದಿದ್ದಾರೆ.

ಸ್ಪೋರ್ಟ್ಸ್ ಕಾರು ಯಾಕೆ ಕೊಳ್ಳುತ್ತೇವೆ? ನಾಲ್ಕು ಜನ ಕೂರಲು ಆಗಲ್ಲ, ಸೂಟ್‌ಕೇಸ್ ಹಿಡಿಯಲ್ಲ, ಮಳೆ ಬಂದರೆ ಒಳಗೂ ಬರುತ್ತದೆ. ಒಂದೇ ಒಂದು ಕಾರಣ, ತಿರುವು. ಅಟ್ಲಾಂಟಿಕ್‌ನ ಎರಡೂ ದಂಡೆಗಳ ಸರ್ಕಾರಗಳು ಕೂತು, ಟೈರಿನ ಬಗ್ಗೆ ಅಳೆಯಬಹುದಾದ್ದನ್ನೆಲ್ಲ ಅಳೆದು, ಆ ಒಂದು ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಲೇಬಲ್‌ಗೆ ಹಾಕಿವೆ. ನೇರ ರಸ್ತೆಯಲ್ಲಿ ಹೋಗುವುದು, ನೇರ ರಸ್ತೆಯಲ್ಲಿ ನಿಲ್ಲುವುದು, ನೇರ ರಸ್ತೆಯಲ್ಲಿ ಸವೆಯುವುದು. ಸ್ಟೀರಿಂಗ್ ಅನ್ನುವುದೊಂದು ಇದೆ ಅಂತ ಆ ಕಮಿಟಿಗೆ ಯಾರೂ ಹೇಳಿಲ್ಲ.

ಟ್ರೆಡ್‌ವೇರ್ ನಂಬರಿನದು ಇನ್ನೊಂದು ಕಥೆ. ಟೆಕ್ಸಸ್‌ನ ಸ್ಯಾನ್ ಆಂಜೆಲೊ ಊರಿನ ಸುತ್ತ ಸುಮಾರು 640 ಕಿಲೋಮೀಟರಿನ ಒಂದು ದಾರಿ ಇದೆ. ಕಾರುಗಳನ್ನು ಸಾಲಾಗಿ ಅಲ್ಲಿ ಒಟ್ಟು 11,600 ಕಿಲೋಮೀಟರಿನಷ್ಟು ಓಡಿಸುತ್ತಾರೆ. ಜೊತೆಗೆ ಓಡುವ ಮಾದರಿ ಟೈರಿಗೆ 100 ಅಂತ ಲೆಕ್ಕ. ಅದರ ಎರಡು ಪಟ್ಟು ಬಾಳುತ್ತದೆ ಅನಿಸಿದರೆ 200, ನಾಲ್ಕು ಪಟ್ಟು ಅಂದರೆ 400. ನಂಬರ್ ಹಾಕುವವರು ಯಾರು? ಟೈರ್ ಮಾಡುವವರೇ. ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಗೊತ್ತಲ್ಲ? 1900ರಲ್ಲಿ ಅದನ್ನು ಶುರು ಮಾಡಿದ್ದು ಇದೇ ಟೈರ್ ಕಂಪನಿ, ಜನ ಜಾಸ್ತಿ ಓಡಾಡಿ ಟೈರ್ ಸವೆಸಲಿ ಅಂತ. ಅಲ್ಲಿ ಅಡುಗೆ ರುಚಿ ನೋಡಲು ಹೆಸರು ಹೇಳದ ಇನ್ಸ್‌ಪೆಕ್ಟರ್ ಬರುತ್ತಾರೆ. ಬಾಣಸಿಗ ತನಗೆ ತಾನೇ ನಕ್ಷತ್ರ ಹಾಕಿಕೊಳ್ಳುವ ಹಾಗಿಲ್ಲ. ಆ ಕಟ್ಟುನಿಟ್ಟು ಸಾರಿನ ವಿಷಯದಲ್ಲಿ. ರಬ್ಬರಿಗೆ ಬಂದಾಗ ಇಡೀ ಉದ್ಯಮಕ್ಕೇ ತನ್ನ ಮೇಲೆ ಪೂರ್ತಿ ನಂಬಿಕೆ.

ನಂಬಿಕೆಯ ಫಲ ನೋಡಬೇಕಾದರೆ ಅಮೆರಿಕದ ಕ್ಲಬ್ ರೇಸುಗಳಿಗೆ ಹೋಗಬೇಕು. ರೇಸಿನ ಅಂಟುಟೈರ್ ಹಾಕಿ ಬೀದಿ ಕಾರುಗಳ ವಿಭಾಗದಲ್ಲಿ ಗೆಲ್ಲುವವರನ್ನು ತಡೆಯಲು ಒಂದು ನಿಯಮ ಮಾಡಿದರು. ಟ್ರೆಡ್‌ವೇರ್ 200ಕ್ಕಿಂತ ಕಡಿಮೆ ಇರಬಾರದು. ಕಂಪನಿಗಳು ನಿಯಮಕ್ಕೆ ತಲೆಬಾಗಿ, ಅಂಟುವ ಟೈರಿನ ಮೇಲೆ 200 ಅಂತ ಅಚ್ಚು ಹಾಕಿದವು. ಈಗ ಅದೇ ಒಂದು ಜಾತಿ. ಬೇಗ ಸವೆಯುತ್ತದೆ, ಚೆನ್ನಾಗಿ ಹಿಡಿಯುತ್ತದೆ, ಪಕ್ಕೆಯ ಮೇಲೆ 200 ಅಂತ ಬರೆದಿದೆ.

ಸಸ್ತಾ ಹುಡುಕುವ ಜಾಣರು ಇದರ ಉಲ್ಟಾ ತುದಿಗೆ ಹೋಗುತ್ತಾರೆ. 600 ಟ್ರೆಡ್‌ವೇರ್ ಇರುವ, ಜಲ್ಲಿಕಲ್ಲಿನಷ್ಟು ಗಟ್ಟಿ ಟೈರ್ ಆರಿಸಿ "ಲೈಫ್ ಬರುತ್ತೆ" ಅನ್ನುತ್ತಾರೆ. ಯಾವ ಲೈಫು? ಹಳೆ ಸ್ಪೋರ್ಟ್ಸ್ ಕಾರು ಭಾನುವಾರ, ಅದೂ ಬಿಸಿಲಿದ್ದರೆ, ಅದೂ ಬ್ಯಾಟರಿ ಕೈಕೊಡದಿದ್ದರೆ ಹೊರಗೆ ಬರುತ್ತದೆ. ವರ್ಷಕ್ಕೆ 3,000 ಕಿಲೋಮೀಟರ್ ಓಡುವ ಕಾರಿಗೆ 60,000 ಕಿಲೋಮೀಟರ್ ಬಾಳುವ ಟೈರ್ ಹಾಕಿದರೆ ಅದು ಸವೆಯಲು ಇಪ್ಪತ್ತು ವರ್ಷ ಬೇಕು. ರಬ್ಬರ್ ಅಷ್ಟು ವರ್ಷ ಕಾಯುವುದಿಲ್ಲ. ಗಾಳಿ, ಬಿಸಿಲು, ಬಿಸಿ ತಾಗಿ ಗಟ್ಟಿಯಾಗುತ್ತದೆ, ಸಣ್ಣಗೆ ಬಿರುಕು ಬಿಡುತ್ತದೆ. ಆರು ವರ್ಷಕ್ಕೇ ಬದಲಿಸಿ ಅನ್ನುವ ಕಾರ್ ಕಂಪನಿಗಳಿವೆ. ಹತ್ತು ವರ್ಷ ಅಂದರೆ ಗಡಿ. ಅಂದರೆ ಈ ಜಾಣರು ದುಡ್ಡು ಕೊಟ್ಟ ಬಾಳಿಕೆಯಲ್ಲಿ ಅರ್ಧವನ್ನು ಹೊಸದಾಗಿಯೇ ಗುಜರಿಗೆ ಹಾಕುತ್ತಾರೆ. ಮಿಕ್ಕ ಅರ್ಧ ಪೂರ್ತಿ ಜಾರುತ್ತಲೇ ಓಡಿಸಿರುತ್ತಾರೆ.

ಇಲ್ಲಿಗೆ ಪುರಾತತ್ವ. ಟೈರಿನ ಪಕ್ಕೆಯ ಮೇಲೆ ಡಿಒಟಿ (DOT) ಅಂತ ಬರೆದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ಹುಟ್ಟಿದ್ದು. 2000ಕ್ಕೆ ಮೊದಲು ಮೂರೇ ಅಂಕಿ. ಅಂಥದ್ದು ಕಂಡರೆ ಕಾರಿನಿಂದ ಇಳಿದು ನಡೆದುಕೊಂಡು ಹೋಗಿ. ಹಳೆ ಕಾರು ಮಾರುವವರ ಜಾಹೀರಾತಿನಲ್ಲಿ "ಟೈರ್ ತೊಂಬತ್ತು ಪರ್ಸೆಂಟ್ ಇದೆ" ಅಂತ ಇದ್ದೇ ಇರುತ್ತದೆ. ಇರದೆ ಏನು, ಕಾರು ಹನ್ನೆರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಇದರಲ್ಲಿ ನಗುವಂಥದ್ದು ಒಂದು ಮಟ್ಟದವರೆಗೆ ಮಾತ್ರ. 2013ರಲ್ಲಿ ನಟ ಪಾಲ್ ವಾಕರ್ ಇದ್ದ ಪೋರ್ಶೆ ಕರೇರಾ ಜಿಟಿ ಅಪಘಾತಕ್ಕೆ ಮುಖ್ಯ ಕಾರಣ ಅತಿವೇಗ. ಆದರೆ ಆ ಕಾರಿನ ಟೈರಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು ಅನ್ನುವುದನ್ನೂ ತನಿಖೆ ಮಾಡಿದವರು ಗುರುತಿಸಿದ್ದರು.

ಪೋರ್ಶೆ ಅಂದಾಗ ನೆನಪಾಯಿತು. ಆ ಕಂಪನಿ ಒಪ್ಪಿದ ಟೈರಿನ ಮೇಲೆ ಎನ್0, ಎನ್1 ಅಂತ ಗುರುತು ಇರುತ್ತದೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ. ಇದರ ಹಿಂದೆ ನಿಜವಾದ ಪರೀಕ್ಷೆ ಇದೆ, ಇಲ್ಲ ಅನ್ನಲ್ಲ. ಆದರೆ ಇಪ್ಪತ್ತೈದು ವರ್ಷದ ಕಾರಿನ ಬುಷ್ ಸವೆದು, ಶಾಕ್ ಅಬ್ಸಾರ್ಬರ್ ಎಣ್ಣೆ ಕಕ್ಕುತ್ತಿರುವಾಗ "ಎನ್ ಗುರುತಿಲ್ಲದ ಟೈರ್ ಹಾಕಿದರೆ ಕಾರಿನ ಸಮತೋಲ ಕೆಡುತ್ತದೆ" ಅನ್ನುವವರ ಗಂಭೀರ ಮುಖ ನೋಡಬೇಕು.

ಎಲ್ಲ ಮುಗಿದ ಮೇಲೆ ಕೊನೆಯ ಉಳಿತಾಯ ಬರುತ್ತದೆ. ನಾಲ್ಕು ಯಾಕೆ, ಎರಡು ಸಾಕಲ್ವಾ? ಆ ಎರಡನ್ನು ಮುಂದಕ್ಕೆ ಹಾಕಿಸಿಕೊಳ್ಳುತ್ತಾರೆ, ಕಣ್ಣಿಗೆ ಕಾಣಲಿ ಅಂತ. ಹಿಂದಿನ ಟೈರ್ ಮೊದಲು ಹಿಡಿತ ಬಿಟ್ಟರೆ ಕಾರು ಬುಗುರಿ ತಿರುಗುತ್ತದೆ, ಹೊಸ ಜೋಡಿ ಹಿಂದಕ್ಕೇ ಇರಲಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಇಂಜಿನ್ ಹಿಂದೆ ಇರುವ ಕಾರಿನಲ್ಲಿ ಇದನ್ನು ಕಲಿಯಲು ಒಂದು ಮಳೆ ಸಾಕು.

ನನ್ನನ್ನು ಕೇಳಿದರೆ ಟೈರ್ ಆರಿಸುವುದು ಇಷ್ಟು ಕಷ್ಟವೇ ಅಲ್ಲ. ಹೆಸರಿರುವ ಕಂಪನಿಯ ಅತಿ ದುಬಾರಿ ಟೈರಿಗಿಂತ ಒಂದು ಮೆಟ್ಟಿಲು ಕೆಳಗಿನ ಬೇಸಿಗೆ ಟೈರು, ನಾಲ್ಕೂ ಒಂದೇ ಮಾದರಿ, ಹೋದ ವರ್ಷವೋ ಈ ವರ್ಷವೋ ತಯಾರಾದದ್ದು, ಟ್ರೆಡ್‌ವೇರ್ 300ರ ಆಸುಪಾಸು. ಬೇಸಿಗೆ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ, 7 ಡಿಗ್ರಿಗಿಂತ ಚಳಿ ಇದ್ದರೆ ಕಾರು ಮನೆಯಲ್ಲೇ ಇರಲಿ. ಆದರೆ ಇಷ್ಟು ಸರಳವಾಗಿ ಹೇಳಿದರೆ ಯಾರೂ ನಂಬುವುದಿಲ್ಲ. ಲೇಬಲ್ ಬೇಕು.

ಹಾಗಾಗಿ ಸರ್ಕಾರಗಳಿಗೆ ನನ್ನದೊಂದು ಅರ್ಜಿ. ತಿರುವಿಗೂ ಒಂದು ಗ್ರೇಡ್ ಇಡಿ. ಪರೀಕ್ಷೆಗೆ ಯಂತ್ರ ಬೇಡ, ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿದರೆ ಆಯಿತು. ಮಾತು ನಿಲ್ಲಿಸದೆ ತಿರುವು ದಾಟಿದರೆ ಎ. ಮಾತು ನಿಂತರೆ ಬಿ. ಬಾಗಿಲಿನ ಹಿಡಿ ಹುಡುಕಿದರೆ ಸಿ. ದೇವರ ಹೆಸರು ಬಂದರೆ ಡಿ. ಬೇಲಿಯ ಯಜಮಾನರು ಬಂದರೆ ಇ. ಕಂಪನಿಗಳು ಇದನ್ನು ಸಂತೋಷದಿಂದ ಒಪ್ಪುತ್ತವೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ, ಒಂದೇ ಷರತ್ತಿನ ಮೇಲೆ. ಪಕ್ಕದ ಸೀಟಿನಲ್ಲಿ ಕೂರುವವರು ಅವರ ಮಾರ್ಕೆಟಿಂಗ್ ಮ್ಯಾನೇಜರ್ ಆಗಿರಬೇಕು.