ಮನೇಲಿ ಯೂತ್ ಇದ್ದಾರಾ?

ಗೇಟು ತೆಗೆದ ಹುಡುಗ ನನ್ನ ಭುಜದ ಮೇಲಿಂದ ಒಳಗೆ ಇಣುಕಿದ. "ಅಂಕಲ್, ಮನೇಲಿ ಯೂತ್ ಯಾರಾದ್ರೂ ಇದ್ದಾರಾ?"

2023ರ ಏಪ್ರಿಲ್. ಮೇ 10ಕ್ಕೆ ವಿಧಾನಸಭೆ ಚುನಾವಣೆಯ ಮತದಾನ. ನನಗೆ ಐವತ್ತಾರು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ನಾನೂ ವೋಟರೇ ಕಣಪ್ಪಾ ಅನ್ನೋಣ ಅನ್ನಿಸಿತು. ಮಗ ಮಲಗಿದ್ದಾನೆ ಅಂದೆ. "ಎದ್ದ ಮೇಲೆ ಕೊಡಿ" ಅಂತ ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡನ್ನು ನನ್ನ ಕೈಗೆ ತುರುಕಿ ಹೋದ.

ಆಗ ಕಾಂಗ್ರೆಸ್ ವಿರೋಧ ಪಕ್ಷ. ಮಾರ್ಚಿನಲ್ಲಿ ಬೆಳಗಾವಿಯಲ್ಲಿ ರಾಹುಲ್ ಗಾಂಧಿ ಯುವನಿಧಿ ಘೋಷಿಸಿದ್ದರು. ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಎರಡು ವರ್ಷ. ಆ ಸಲ ಎಂಬತ್ತು ದಾಟಿದವರು ಬಯಸಿದರೆ ಅಧಿಕಾರಿಗಳೇ ಮನೆಗೆ ಬಂದು ವೋಟು ಹಾಕಿಸಿಕೊಂಡರು. ಅಮ್ಮನಿಗೆ ಮರ್ಯಾದೆ, ಮಗನಿಗೆ ಭತ್ಯೆ. ಕಂದಾಯ, ಕಂತು ಎಲ್ಲಾ ಕಟ್ಟುವ ನನಗೆ ಬಿಸಿಲಲ್ಲಿ ಕ್ಯೂ. ಹೊಟ್ಟೆಕಿಚ್ಚು ಅಂದುಕೊಳ್ಳಿ, ಬೇಜಾರಿಲ್ಲ.

ಹುಡುಗರಿಗೆ ಅಂತ ಎಸೆದ ಗಾಳ ನನಗೂ ತಗುಲಿದ್ದು ಒಂದೇ ಸಲ, ಅದೂ ತಪ್ಪಿ. ಹಿಂದಿನ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ಸಿನವರು ಬೆಂಗಳೂರಿನ ಗೋಡೆಗಳಿಗೆ 'ಪೇಸಿಎಂ' ಪೋಸ್ಟರ್ ಅಂಟಿಸಿದ್ದರಲ್ಲ. ಆಗಿನ ಬಿಜೆಪಿ ಸರ್ಕಾರದ ಮೇಲಿದ್ದ 40 ಪರ್ಸೆಂಟ್ ಕಮಿಷನ್ ಆರೋಪದ ಲೇವಡಿ. ಕ್ಯೂಆರ್ ಕೋಡಿನ ನಡುವೆ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖ. ಟೀ ಕುಡಿದೆ, ಕನ್ನಡಕ ಮನೆಯಲ್ಲಿ, ಮೊಬೈಲ್ ಹಿಡಿದೆ. ದುಡ್ಡು ಹೋಗಲಿಲ್ಲ. ಹತ್ತಿರ ಹಿಡಿದೆ, ದೂರ ಹಿಡಿದೆ. ಕ್ಯಾಮೆರಾವನ್ನು ಅಂಗಿಯ ಚುಂಗಿನಲ್ಲಿ ಒರೆಸಿದೆ. "ನೆಟ್ ಇಲ್ವಾ ಸಾರ್?" ಅಂದ ಟೀ ಅಂಗಡಿಯವ, ಅನುಮಾನದಿಂದ. ಜೇಬಲ್ಲಿ ಚಿಲ್ಲರೆ ಹುಡುಕಿದೆ, ಬಸ್ ಟಿಕೆಟ್ ಸಿಕ್ಕಿತು. ಮತ್ತೆ ಹಿಡಿದೆ. ಹಿಂದೆ ನಿಂತಿದ್ದ ಕಾಲೇಜು ಹುಡುಗಿಗೆ ತಡೆಯಲಾಗಲಿಲ್ಲ.

"ಅಂಕಲ್, ಅದು ಸಿಎಂದು. ಟೀದು ಈ ಕಡೆ."

ಹೇಳುವ ಮೊದಲೇ ಫೋಟೋ ತೆಗೆದಿದ್ದಳು. ಪೋಸ್ಟರ್ ಅಂಟಿಸಿದವರಿಗೆ ಬೇಕಾಗಿದ್ದೂ ಅದೇ ಇರಬೇಕು. ಅಂಟಿಸೋದು ನಾಲ್ಕು ಗೋಡೆಗೆ, ಊರಿಗೆಲ್ಲ ಹಂಚುವ ಕೆಲಸ ಹುಡುಗರದ್ದು. ಆ ಪ್ರಚಾರದಲ್ಲಿ ನನ್ನ ಪಾಲೂ ಇದೆ, ಬೆನ್ನಿನ ಭಾಗ.

ಕಾಂಗ್ರೆಸ್ಸಿನವರು ಗೆದ್ದರು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು, 2022-23ರಲ್ಲಿ ಪಾಸಾದವರಿಗೆ. ನಮ್ಮವನು ಅದರ ಹಿಂದಿನ ವರ್ಷವೇ ಪಾಸು. "ಒಂದ್ಸಲ ಫೇಲಾಗೋಕೆ ಏನಾಗಿತ್ತು ಇವನಿಗೆ" ಅಂತ ಅವರಮ್ಮ ಈಗಲೂ ಅನ್ನುತ್ತಾಳೆ.

ಏಪ್ರಿಲ್ ಬಂತು, ಲೋಕಸಭೆ ಚುನಾವಣೆ. ರಾಜ್ಯದಲ್ಲಿ ಈಗ ಬಿಜೆಪಿ ವಿರೋಧ ಪಕ್ಷ. ಗೇಟು ಸದ್ದಾಯಿತು. ಶಾಲಿನ ಬಣ್ಣ ಬೇರೆ. "ಅಂಕಲ್, ಫಸ್ಟ್ ಟೈಮ್ ವೋಟರ್ಸ್ ಯಾರಾದ್ರೂ?" ಈ ಸಲ ಬಿಡಲಿಲ್ಲ, ಮಗನನ್ನೇ ಎಬ್ಬಿಸಿ ತಂದು ನಿಲ್ಲಿಸಿದೆ. ಹುಡುಗ ಅವನ ಗಡ್ಡ ನೋಡಿದ.

"ನೀವಲ್ಲ ಅಣ್ಣ. ನಿಮಗಿಂತ ಚಿಕ್ಕೋರು?"

ಹಾಲಿನ ಪ್ಯಾಕೆಟ್ಟನ್ನು ಮಗನ ಕೈಗೆ ಕೊಟ್ಟು ಒಳಗೆ ಬಂದೆ.