ರಾಕಿ ಶಾಟ್ ಅಲ್ಲ, ಸ್ವಾಮಿ

ಟರ್ಕಿಯ ಊಟದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಮೀನಿನೂಟಕ್ಕೆ ಮೊದಲು ಟರ್ಕಿಯ ರಾಕಿಯನ್ನು ಒಂದೇ ಗುಟುಕಿಗೆ ಮುಗಿಸಿ ಎಂದಿದ್ದೀರಲ್ಲ, ಅದನ್ನು ಮಾತ್ರ ಒಪ್ಪೋಕೆ ಆಗಲಿಲ್ಲ. ಸಾಮಾನ್ಯವಾಗಿ 45% ಆಲ್ಕೋಹಾಲ್ ಇರುವ ಪಾನೀಯ ಅದು. ಸುಮ್ನೆ ಗಂಟಲು ಸುಟ್ಟುಕೊಳ್ಳೋದು ಯಾಕೆ?

ಅಲ್ಲಿ ಉದ್ದನೆಯ ಸಪೂರ ಗ್ಲಾಸಿಗೆ ಮೊದಲು ರಾಕಿ ಹಾಕುತ್ತಾರೆ. ಆಮೇಲೆ ತಣ್ಣೀರು, ಕೊನೆಗೆ ಐಸ್. ನೀರು ಬಿದ್ದ ಕೂಡಲೇ ನೀರಿನಂತಿದ್ದದ್ದು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ರಾಕಿಗೆ ಘಮ ಕೊಡುವ, ಸೋಂಪಿನಂಥ ಅನೀಸ್ ಬೀಜದ ಎಣ್ಣೆ ಆಲ್ಕೋಹಾಲ್‌ನಲ್ಲಿ ಕರಗಿರುತ್ತದೆ, ನೀರು ಸೇರಿದರೆ ಸಣ್ಣ ಹನಿಗಳಾಗಿ ಬೇರೆಯಾಗುತ್ತದೆ, ಅಷ್ಟೇ. ಐಸನ್ನು ಮೊದಲೇ ಹಾಕಿದರೆ ಆ ಎಣ್ಣೆ ಹರಳುಗಟ್ಟಿ ಮೇಲೆ ತೇಲಬಹುದು, ರುಚಿಯೂ ಕೆಡುತ್ತದೆ.

ಇನ್ನು ಮೀನು ಬರೋದು ತಡವಾಗಿ. ಇಸ್ತಾಂಬುಲ್‌ನ ಮೇಹಾನೆಗಳಲ್ಲಿ, ಅಂದರೆ ಊಟವೂ ಸಿಗುವ ಮದ್ಯದಂಗಡಿಗಳಲ್ಲಿ, ಮೊದಲು ದೊಡ್ಡ ತಟ್ಟೆಯಲ್ಲಿ ತಣ್ಣನೆಯ ಮೆಜೆಗಳನ್ನು (ನಂಜಿಕೊಳ್ಳುವ ಸಣ್ಣ ತಿನಿಸುಗಳನ್ನು) ತಂದು ತೋರಿಸುತ್ತಾರೆ. ಬಿಳಿ ಚೀಸ್, ಕರಬೂಜ, ಉಪ್ಪು ಹಾಕಿಟ್ಟ ಬೊನಿಟೊ ಮೀನಿನ ಲಾಕೆರ್ದಾ, ಆಕ್ಟೋಪಸ್ ಸಲಾಡ್. ಬೇಕಾದ್ದನ್ನು ಆರಿಸಿ ಮೇಜಿನ ನಡುವೆ ಇಟ್ಟುಕೊಂಡರೆ ಎಲ್ಲರೂ ಅದರಿಂದಲೇ ತಿನ್ನುತ್ತಾರೆ. ಬಳಿಕ ಬಿಸಿ ಬಿಸಿ ಕಲಮಾರಿ (ಸ್ಕ್ವಿಡ್), ಬೆಣ್ಣೆಯಲ್ಲಿ ಬೇಯಿಸಿದ ಸಿಗಡಿ. ಕೆಂಡದ ಮೇಲೆ ಸುಟ್ಟ ಇಡೀ ಮೀನು ಎಲ್ಲಕ್ಕಿಂತ ಕೊನೆಗೆ. ಶರತ್ಕಾಲವಾದರೆ ಅಲ್ಲಿನ ಬಾಸ್ಫರಸ್ ಜಲಸಂಧಿಯ ಲ್ಯುಫೆರ್ ಮೀನು ಕೇಳಿ. ಅದರ ಕೊಬ್ಬಿಗೂ ರಾಕಿಯ ಘಮಕ್ಕೂ ಸಕ್ಕತ್ ಜೋಡಿ. ನಿಂಬೆರಸ ಜಾಸ್ತಿ ಹಿಂಡಬೇಡಿ.

ನೀವು ಹೇಳಿದ ಶಲ್ಗಮ್, ಅದೇ ಕಪ್ಪು ಕ್ಯಾರೆಟ್‌ನ ಹುಳಿ ರಸ, ಅದಾನಾ ಕಬಾಬ್ ಜೊತೆ ಸರಿ. ಮೀನಿಗೆ ನನಗಂತೂ ಹಿಡಿಸಲ್ಲ.