ಎಲೈಜಾ ನಿಕೋಲ್ಸನ್‌ಗೆ ಸಿಕ್ಕಿದ್ದು ಆಸ್ತಿಯಲ್ಲ, ಸಾಲ

ಪತ್ರಕರ್ತೆಯರ ಬಗ್ಗೆ ಯಾರೋ ಹಂಚಿಕೊಂಡ ಪಟ್ಟಿಯೊಂದನ್ನು ಈಗಷ್ಟೇ ಓದಿ ಸಿಟ್ಟು ನೆತ್ತಿಗೇರಿದೆ. ಎಲೈಜಾ ಜೇನ್ ನಿಕೋಲ್ಸನ್‌ಗೆ ಅದರಲ್ಲಿ ಒಂದೇ ಸಾಲು: ಗಂಡ ತೀರಿಕೊಂಡ ಮೇಲೆ ಪತ್ರಿಕೆ ಈಕೆಯ ಪಾಲಿಗೆ ಬಂತು.

ಬಂದದ್ದಾದರೂ ಏನು? 1876ರಲ್ಲಿ ಮೊದಲ ಗಂಡ ಹೋಲ್‌ಬ್ರೂಕ್ ಸತ್ತಾಗ ಅಮೆರಿಕದ ನ್ಯೂ ಆರ್ಲಿಯನ್ಸ್‌ನ 'ಪಿಕಯೂನ್' ಪತ್ರಿಕೆಯ ಮೇಲೆ 80,000 ಡಾಲರ್ ಸಾಲವಿತ್ತು. ಮಾರಿದ್ದ ಪತ್ರಿಕೆಯನ್ನು ಆತ ಮತ್ತೆ ಕೊಂಡು ಹೆಚ್ಚು ಕಾಲವೂ ಆಗಿರಲಿಲ್ಲ. ಈಕೆ ದಿವಾಳಿ ಅಂತ ಘೋಷಿಸಿ, ವಿಧವೆಗೆ ಸಲ್ಲುವ 1,000 ಡಾಲರ್ ಇಸಿದುಕೊಂಡು ಮಿಸಿಸಿಪ್ಪಿಯ ತವರಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಹೆಂಗಸಿನ ಕೈಕೆಳಗೆ ದುಡಿಯಲು ಇಷ್ಟವಿಲ್ಲದವರು ಕೆಲಸ ಬಿಡಬಹುದು ಅಂತ ಸಿಬ್ಬಂದಿಗೆ ನೇರವಾಗಿ ಹೇಳಿದಳು.

ಈಕೆ ಪತ್ರಿಕೆಗೆ ಹೊಸಬಳೂ ಅಲ್ಲ. ತವರಿನ ಪರ್ಲ್ ನದಿಯ ಹೆಸರನ್ನೇ ಇಟ್ಟುಕೊಂಡು 'ಪರ್ಲ್ ರಿವರ್ಸ್' ಆಗಿ ಕವಿತೆ ಬರೆಯುತ್ತಿದ್ದವಳು, ಮನೆಯವರ ವಿರೋಧ ಕಟ್ಟಿಕೊಂಡು ವಾರಕ್ಕೆ 25 ಡಾಲರ್ ಸಂಬಳದ ಸಾಹಿತ್ಯ ಸಂಪಾದಕಿಯಾಗಿ ಇದೇ ಪತ್ರಿಕೆಗೆ ಸೇರಿದ್ದಳು. ಹೋಲ್‌ಬ್ರೂಕ್ ಜೊತೆ ಮದುವೆ ಆಮೇಲಿನ ಮಾತು.

ಲೆಕ್ಕಪತ್ರ ನೋಡಿಕೊಂಡದ್ದು ವ್ಯವಸ್ಥಾಪಕ ಜಾರ್ಜ್ ನಿಕೋಲ್ಸನ್ ಅಲ್ಲವೇ, 1878ರಲ್ಲಿ ಅವನನ್ನೇ ಮದುವೆಯಾದಳಲ್ಲ ಅನ್ನುತ್ತೀರಿ. ಹೌದು, ಅವನು ಹಣಕಾಸಿನಲ್ಲಿ ಗಟ್ಟಿಗ. ಆದರೆ ಜನ ದುಡ್ಡು ಕೊಟ್ಟು ಕೊಳ್ಳುವುದು ಪುಟದಲ್ಲಿ ಅಚ್ಚಾದದ್ದನ್ನು, ಲೆಕ್ಕದ ಪುಸ್ತಕವನ್ನಲ್ಲ. ಆ ಪುಟಗಳು ಈಕೆಯವು.

1879ರಲ್ಲಿ 'ಸೊಸೈಟಿ ಬೀ' ಅಂಕಣ ಶುರುವಾಯಿತು: ಊರಿನ ಔತಣ, ನೃತ್ಯಕೂಟಗಳ ಸುದ್ದಿ. ಮರ್ಯಾದಸ್ಥ ಹೆಂಗಸರ ಹೆಸರು ಪೇಪರಿನಲ್ಲಿ ಬರುವುದೇ ಎಂದು ದೊಡ್ಡ ಮನೆಗಳು ಸಿಡಿಮಿಡಿಗೊಂಡವು. ಈಕೆ ನಿಲ್ಲಿಸಲಿಲ್ಲ, ಬರಬರುತ್ತಾ ಭಾನುವಾರದ ಸಂಚಿಕೆಯಲ್ಲಿ ಆ ಸುದ್ದಿಗೇ ಜಾಗ ಹೆಚ್ಚಿತು. ಮಕ್ಕಳಿಗೆ, ಮನೆವಾರ್ತೆಗೆ, ಆರೋಗ್ಯಕ್ಕೆ ಬೇರೆ ಬೇರೆ ಅಂಕಣ ಬಂದವು. ಪ್ರಾಣಿಹಿಂಸೆಯ ವಿರುದ್ಧ ಬಿಡದೆ ಬರೆಸಿದಳು. ಹವಾಮಾನ ವರದಿಯ ಪಕ್ಕದಲ್ಲಿ, ಅಂದಿನ ಮಳೆ ಬಿಸಿಲಿಗೆ ತಕ್ಕ ವೇಷ ತೊಟ್ಟ ಒಂದು ಕಪ್ಪೆ! ಮನೆಮಂದಿಯೆಲ್ಲ ಓದುವ ಪತ್ರಿಕೆ ಆದದ್ದು ಹೀಗೆ. ಸಾಲವೂ ತೀರಿತು.

ಮಾರ್ಥಾ ಫೀಲ್ಡ್‌ಗೆ ವರದಿಗಾರ್ತಿಯ ಕೆಲಸ ಕೊಟ್ಟವಳು, ಮುಂದೆ ಡಾರಥಿ ಡಿಕ್ಸ್ ಎಂಬ ಹೆಸರಿನ ಸಲಹೆಯ ಅಂಕಣಕಾರ್ತಿಯಾಗಿ ಅಮೆರಿಕವೇ ಓದಿದ ಎಲಿಜಬೆತ್ ಗಿಲ್ಮರ್‌ಳ ಕೈಹಿಡಿದವಳು ಇವಳೇ. ಇಷ್ಟೆಲ್ಲ ಇರುವಾಗ 'ಪಾಲಿಗೆ ಬಂತು' ಎಂದು ಬರೆದು ಮುಗಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಪತ್ರಿಕೆಯ ಗದ್ದಲದಲ್ಲಿ ಕವಿತೆ ಕಡಿಮೆಯಾಯಿತು, ಅದು ನನಗೂ ನೋವು. ಆದರೂ 1893ರಲ್ಲಿ ಪ್ರಕಟವಾದ 'ಹಾಗರ್' ಓದಿ ನೋಡಿ. ಬೈಬಲ್ಲಿನಲ್ಲಿ ಮಗನೊಂದಿಗೆ ಮನೆಯಿಂದ ಹೊರದಬ್ಬಿಸಿಕೊಂಡ ದಾಸಿ ಈ ಕವಿತೆಯಲ್ಲಿ ಅಂಗಲಾಚುವುದಿಲ್ಲ. ಹಿಂದೆಯೇ ಬಂದ ಆ ಮಗನ ತಂದೆ ಅಬ್ರಹಾಮನಿಗೆ, ನಡಿ ಇಲ್ಲಿಂದ, ಅನ್ನುತ್ತಾಳೆ.